ಪಿತೃಪಕ್ಷದಲ್ಲಿ ಹಚ್ಚದ ಬಾಯ್ಲರು

ನನ್ನ ಗಂಡನಿಗೆ ಕನ್ನಡ ಓದಲು ಬರುವುದಿಲ್ಲ. ಅತ್ತೆಗಂತೂ ಯಾವ ಅಕ್ಷರವೂ ಬರುವುದಿಲ್ಲ. ಮನೆಯಲ್ಲಿ ಎಲ್ಲರೂ ಆಡುವುದು ಕನ್ನಡವೇ, ಜಗಳವೂ ಕನ್ನಡದಲ್ಲೇ. ಅಕ್ಷರ ಮಾತ್ರ ಕೊಳ್ಳೇಗಾಲದಿಂದ ಮದುವೆಯಾಗಿ ತಮಿಳುನಾಡಿನ ತಿರುಪ್ಪೂರಿಗೆ ಬಂದ ನನ್ನೊಬ್ಬಳ ಸೊತ್ತು. ಹಾಗಾಗಿ ಇದನ್ನು ಬಚ್ಚಿಡುವ ಕಷ್ಟವಿಲ್ಲ, ನಡುಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. "ಏನು ಅಷ್ಟೊಂದು ಬರೀತಿದ್ದಿ ಕಣ್ಣು?" ಎಂದು ಅತ್ತೆ ಕೇಳಿದರೆ "ಏನಿಲ್ಲ ಅತ್ತೆ, ಸುಮ್ಮನೆ" ಎನ್ನುತ್ತೇನೆ. ಕಣ್ಣು ಎನ್ನುವುದು ಈ ಕಡೆ ಪ್ರೀತಿಯ ಮಾತು. ನಮ್ಮಲ್ಲಿ ಚಿನ್ನ, ಪುಟ್ಟ ಎಂದ ಹಾಗೆ. ಮದುವೆಯಾದ ಹೊಸತರಲ್ಲಿ ನನಗೆ ಇದು ನಗು ಬರಿಸುತ್ತಿತ್ತು.

ನಾನು ಮುಂಗೋಪಿ. ಮನಸ್ಸಿಗೆ ಬಂದದ್ದನ್ನು ಆಡದೆ ಬಿಟ್ಟವಳಲ್ಲ. ಅಂಥವಳು ಒಂದು ವರ್ಷ ಪೂರ್ತಿ ಅತ್ತೆಗೆ ಹೇಳಬೇಕಾದ ಒಂದು ಮಾತನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದೆ. ಕೊನೆಗೂ ಅದನ್ನು ಆಡಲಿಲ್ಲ. ಯಾಕೆ ಆಡಲಿಲ್ಲ ಎನ್ನುವುದನ್ನು ಎಲ್ಲಾದರೂ ಇಳಿಸಿಡದಿದ್ದರೆ ನನಗೆ ನಿದ್ದೆ ಬರುವ ಹಾಗಿಲ್ಲ.

ನಮ್ಮದು ಪಲ್ಲಡಂ ರಸ್ತೆಯಲ್ಲಿ ಒಂದು ಡೈಯಿಂಗ್. ಬನಿಯನ್ ಕಂಪನಿಗಳು ಕಳಿಸುವ ಬಿಳಿ ಬಟ್ಟೆಗೆ ಬಣ್ಣ ಹಾಕಿ ವಾಪಸು ಕೊಡುವುದು ನಮ್ಮ ಕಸುಬು. ಗಂಡನ ತಾತ ಅನ್ನೂರಿನ ಕಡೆ ಮಗ್ಗದವರ ನೂಲಿಗೆ ಮಡಕೆಯಲ್ಲಿ ಬಣ್ಣ ಕಟ್ಟುತ್ತಿದ್ದವರು. ಮಾವ ತಿರುಪ್ಪೂರಿಗೆ ಬಂದು ತೊಟ್ಟಿ ಕಟ್ಟಿಸಿದರು. ಗಂಡ ಆ ಜಾಗದಲ್ಲಿ ದೊಡ್ಡ ಮಿಷನ್ನುಗಳನ್ನು ಹಾಕಿದರು. ಮೂರು ತಲೆಮಾರಿನವರ ಉಗುರಿನ ಸಂದಿಯಲ್ಲೂ ಬಣ್ಣವೇ.

ಡೈಯಿಂಗ್ ಎನ್ನುವುದು ಎರಡು ವಸ್ತು ತಿಂದು ಬದುಕುತ್ತದೆ, ಬಿಸಿ ಆವಿ ಮತ್ತು ಕರೆಂಟು. ಬಟ್ಟೆಗೆ ಬಣ್ಣ ಹತ್ತಿಸಲು ಇವು ಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಬಣ್ಣದ ನೀರನ್ನು ನೊಯ್ಯಲ್ ಹೊಳೆಗೆ ಬಿಡುವಂತಿಲ್ಲ, ತೊಳೆದು ಸೋಸಿ ಉಳಿದದ್ದನ್ನು ಉಪ್ಪಾಗುವವರೆಗೆ ಕುದಿಸಬೇಕು ಎನ್ನುವುದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಅದಕ್ಕೂ ಆವಿ, ಅದಕ್ಕೂ ಕರೆಂಟು. ಬಟ್ಟೆಗಿಂತ ಕೊಳೆ ನೀರಿಗೇ ಹೆಚ್ಚು ಸುರಿಯುತ್ತೇವೆ. ಲೆಕ್ಕ ನೋಡಿಕೊಳ್ಳುವವಳು ನಾನೇ ಆದ್ದರಿಂದ ಕರೆಂಟು ಬಿಲ್ಲು ಬಂದ ದಿನ ಮನೆಯಲ್ಲಿ ಯಾರೂ ನನ್ನ ಹತ್ತಿರ ಸುಳಿಯುತ್ತಿರಲಿಲ್ಲ.

ಹೀಗಿರುವಾಗ ಗಂಡ ಒಂದು ದಿನ ಹೊಸ ಯಂತ್ರದ ಮಾತು ತಂದರು. ಹೊಸ ಬಾಯ್ಲರಿನ ಆವಿಗೆ ಒತ್ತಡ ಹೆಚ್ಚು. ಅದು ನೇರ ಬಣ್ಣದ ಮಿಷನ್ನಿಗೆ ಹೋಗುವುದಿಲ್ಲ. ಮೊದಲು ಒಂದು ಚಕ್ರ ತಿರುಗಿಸಿ ಕರೆಂಟು ಹುಟ್ಟಿಸುತ್ತದೆ, ಆಮೇಲೆ ಇಳಿದು ಬಂದ ಆವಿಯಲ್ಲಿ ಬಟ್ಟೆ ಕುದಿಯುತ್ತದೆ. ಸೌದೆ ಒಂದೇ, ಕೆಲಸ ಎರಡು. ಅತ್ತೆಗೆ ಇದನ್ನು ಅರ್ಥ ಮಾಡಿಸಲು ಗಂಡ ತಿಣುಕಾಡುತ್ತಿದ್ದಾಗ ನಾನೇ ಹೇಳಿದೆ: "ಬಚ್ಚಲ ಒಲೇಲಿ ನೀರು ಕಾಯಿಸ್ತಾ ಅದೇ ಕೆಂಡದಲ್ಲಿ ಗೆಣಸು ಸುಡ್ತೀರಲ್ಲ ಅತ್ತೆ, ಹಾಗೆ."

"ಅದೇನು ದೊಡ್ಡ ವಿಷಯ," ಎಂದರು ಅತ್ತೆ. "ನಮ್ಮವ್ವನೂ ಅದೇ ಮಾಡ್ತಿದ್ಲು."

ದೊಡ್ಡ ವಿಷಯವೇ ಆಗಿತ್ತು, ಯಾಕೆಂದರೆ ಡೈಯಿಂಗನ್ನೇ ಬ್ಯಾಂಕಿಗೆ ಒತ್ತೆ ಇಟ್ಟು ತರಬೇಕಿತ್ತು. ನಾನು ಒಪ್ಪಿದ್ದು ಆಡಿಟರ ಮಾತು ಕೇಳಿದ ಮೇಲೆ. ಆಡಿಟರು ತಮಿಳಿನವರು, ವಯಸ್ಸಾದವರು, ಮಾವನ ಕಾಲದಿಂದ ನಮ್ಮ ತೆರಿಗೆ ನೋಡಿಕೊಳ್ಳುವವರು. ಆವಿಯನ್ನೂ ಕರೆಂಟನ್ನೂ ಒಟ್ಟಿಗೆ ಮಾಡುವ ಇಂಥ ಯಂತ್ರ ಕೊಂಡರೆ ಸರ್ಕಾರ ತೆರಿಗೆಯಲ್ಲಿ ಬಿಡುತ್ತದೆ ಎಂದರು. ಬೇರೆ ಯಂತ್ರವಾದರೆ ಅದರ ಬೆಲೆಯನ್ನು ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಲಾಭದಲ್ಲಿ ಕಳೆಯಬೇಕು. ಇದರದ್ದಾದರೆ ಮೊದಲ ವರ್ಷವೇ ದೊಡ್ಡ ಪಾಲು ಕಳೆಯಬಹುದು. ಆ ವರ್ಷ ನಮಗೆ ಒಳ್ಳೆಯ ಲಾಭವಿತ್ತು. ಉಳಿಯುವ ತೆರಿಗೆಯಲ್ಲಿ ಬ್ಯಾಂಕಿನ ಮೊದಲ ಕಂತುಗಳನ್ನು ಕಟ್ಟಿ ಉಸಿರು ಬಿಡಬಹುದು. ಒಂದೇ ಷರತ್ತು ಎಂದರು ಆಡಿಟರು. ಯಂತ್ರ ಆ ಆರ್ಥಿಕ ವರ್ಷದಲ್ಲಿ ಅರ್ಧ ವರ್ಷವಾದರೂ ಓಡಿರಬೇಕು. ಅಂದರೆ ಅಕ್ಟೋಬರಿನ ಮೊದಲ ದಿನಗಳೊಳಗೆ ಶುರುವಾಗಿರಬೇಕು. ತಪ್ಪಿದರೆ ಆ ವರ್ಷಕ್ಕೆ ಅರ್ಧ ಮಾತ್ರ.

ದೇವರು ವರ ಕೊಟ್ಟರೂ ಪೂಜಾರಿ ಬಿಡ ಎಂದು ನಕ್ಕೆ ನಾನು. ಆಗ ನಗುವಷ್ಟು ಸಮಯವಿತ್ತು.

ಯಂತ್ರ ಆಗಸ್ಟಿನಲ್ಲಿ ಬಂತು. ಪೈಪು ಜೋಡಿಸಿದರು, ಇಲಾಖೆಯವರು ಬಾಯ್ಲರು ನೋಡಿ ಒಪ್ಪಿಗೆ ಕೊಟ್ಟರು. ಇನ್ನೇನು ಹಚ್ಚಬೇಕು ಅನ್ನುವ ಹೊತ್ತಿಗೆ ಪಿತೃಪಕ್ಷ ಬಂತು. ಸತ್ತ ಹಿರಿಯರಿಗೆ ಎಡೆ ಇಡುವ ಆ ಹದಿನೈದು ದಿನ ನಮ್ಮ ಮನೆಯಲ್ಲಿ ಹೊಸ ಬಟ್ಟೆ ತರುವುದಿಲ್ಲ, ಹೊಸ ಪಾತ್ರೆ ಒಲೆಯ ಮೇಲೆ ಇಡುವುದಿಲ್ಲ. ಅದೂ ಮಾವನ ವರ್ಷದ ಕಾರ್ಯ ಮುಗಿದ ಮೇಲೆ ಬಂದ ಮೊದಲ ಮಹಾಲಯ.

"ನಿಮ್ಮಪ್ಪನಿಗೆ ಎಡೆ ಇಡೋಕೆ ಮುಂಚೆ ಹೊಸ ಒಲೆ ಅಂಟಿಸ್ತೀಯಾ ಸಾಮಿ?" ಎಂದರು ಅತ್ತೆ, ಮಗನನ್ನು ನೋಡಿ. "ಅಮಾಸೆ ಕಳೀಲಿ. ವಿಜಯದಶಮಿಗೆ ಅಂಟಿಸೋಣ. ಅತ್ತು ದಿನ ತಾನೆ." ಈ ಕಡೆಯ ಕನ್ನಡದಲ್ಲಿ ಹಕಾರ ಉದುರಿ ಹತ್ತು ಅತ್ತಾಗುತ್ತದೆ.

ಕ್ಯಾಲೆಂಡರು ತೆಗೆದು ನೋಡಿದೆ. ಆ ವರ್ಷ ವಿಜಯದಶಮಿ ಆಡಿಟರು ಹೇಳಿದ ಗಡುವು ದಾಟಿದ ಮೇಲೆ ಬೀಳುತ್ತಿತ್ತು.

ನೇಯ್ಗೆಯವರ ಮನೆಗಳಲ್ಲಿ ಅಮಾವಾಸ್ಯೆ ದಿನ ಮಗ್ಗ ಮುಟ್ಟುವುದಿಲ್ಲ. ಕೊಳ್ಳೇಗಾಲದಲ್ಲಿ ನಮ್ಮಪ್ಪನೂ ಮುಟ್ಟುತ್ತಿರಲಿಲ್ಲ. ನಮ್ಮ ಡೈಯಿಂಗಿನಲ್ಲಿ ಇಂದಿಗೂ ತಿಂಗಳ ರಜೆ ಅಮಾವಾಸ್ಯೆಗೇ. ಬಿಹಾರ, ಒಡಿಶಾದಿಂದ ಬಂದ ಹುಡುಗರು ಕೂಡ ಈಗ ಅಮಾವಾಸ್ಯೆ ಯಾವತ್ತು ಎಂದು ನಮಗಿಂತ ಮೊದಲೇ ಕೇಳುತ್ತಾರೆ. ಹಾಗಾಗಿ ಅತ್ತೆಯ ಮಾತು ನನಗೆ ಹೊಸದಲ್ಲ, ಅವರನ್ನು ಮೂಢರು ಎಂದು ಹೇಳಲು ನನಗೆ ಬಾಯಿಯೂ ಇಲ್ಲ. ಆದರೆ ತೆರಿಗೆಯವರಿಗೆ ಪಿತೃಗಳಿಲ್ಲವಲ್ಲ.

ಆಡಿಟರಿಗೆ ಫೋನು ಮಾಡಿದೆ. "ಒರು ಮಣಿ ನೇರಂ ಓಟಿನಾ ಪೋದುಂಮ್ಮಾ," ಎಂದರು. ಒಂದು ಗಂಟೆ ಓಡಿಸಿದರೆ ಸಾಕಮ್ಮ, ಶುರುವಾಯಿತು ಎಂದು ಬರೆಯಬಹುದು ಎಂದು.

ಗಂಡನ ಹತ್ತಿರ ಹೋಗಿ ಹೇಳಿದೆ. "ಒಂದು ಗಂಟೆ ಕಣ್ರೀ. ಅತ್ತೆಗೆ ಗೊತ್ತಾಗೋದೇ ಬೇಡ. ಹಚ್ಚಿ, ಚಕ್ರ ತಿರುಗಿಸಿ, ಆರಿಸಿಬಿಡಿ. ದಶಮಿ ದಿನ ಮತ್ತೆ ಪೂಜೆ ಮಾಡಿ ಹಚ್ಚಿದ್ರಾಯ್ತು."

ಅವರು ಬಹಳ ಹೊತ್ತು ಹೊಸ ಬಾಯ್ಲರಿನ ಬಾಗಿಲು ತೆಗೆದು ಹಾಕಿ ಮಾಡುತ್ತಿದ್ದರು. "ಅವ್ವಂಗೆ ಗೊತ್ತಾಗ್ದು. ಅಪ್ಪಂಗೆ?" ಎಂದರು.

ಸತ್ತವರಿಗೆ ಗೊತ್ತಾಗುತ್ತದೆ ಎಂದು ನಂಬಿದ ಗಂಡಸಿನ ಹತ್ತಿರ ಯಾವ ವಾದ ಮಾಡುವುದು? ಸಿಟ್ಟಿನಲ್ಲಿ ಸ್ಕೂಟರ್ ಹತ್ತಿ ಮನೆಗೆ ಬಂದೆ. ಎರಡು ದಿನ ಅತ್ತೆಯ ಜೊತೆ ಮಾತಾಡಲಿಲ್ಲ. ಅವರು ಅದನ್ನು ಗಮನಿಸಲೂ ಇಲ್ಲ, ಎಡೆಗೆ ಬಾಳೆಕಾಯಿ ಸಿಕ್ಕಲಿಲ್ಲ ಎಂಬ ಚಿಂತೆಯಲ್ಲಿದ್ದರು.

ಮಹಾಲಯ ಅಮಾವಾಸ್ಯೆಗೆ ಗಂಡ ಪೇರೂರಿಗೆ ಹೋಗಿ ಹೊಳೆ ದಂಡೆಯಲ್ಲಿ ಮಾವನಿಗೆ ಎಳ್ಳು ನೀರು ಬಿಟ್ಟರು. ವಿಜಯದಶಮಿ ದಿನ ಬಾಯ್ಲರಿಗೆ ವಿಭೂತಿ ಬಳಿದು, ಬೂದುಗುಂಬಳಕಾಯಿ ಒಡೆದು, ಎಲ್ಲರಿಗೂ ಪುರಿ ಕಡಲೆ ಹಂಚಿದೆವು. ಮೊದಲ ಬೆಂಕಿ ಇಟ್ಟದ್ದು ಅತ್ತೆಯ ಕೈ. ಚಕ್ರ ತಿರುಗಿ ನಮ್ಮದೇ ಕರೆಂಟಿನಲ್ಲಿ ಶೆಡ್ಡಿನ ದೀಪಗಳು ಒಂದರ ಹಿಂದೊಂದು ಹತ್ತಿಕೊಂಡಾಗ ಗಂಡ ಮಾವನ ಪಟದ ಕಡೆ ನೋಡಿದರು. ಸುಳ್ಳು ಹೇಳುವುದಿಲ್ಲ, ನನಗೂ ಕಣ್ಣು ತುಂಬಿ ಬಂತು. ಆ ಹೊತ್ತಿಗೆ ಗಡುವು ದಾಟಿ ಒಂದು ವಾರಕ್ಕೆ ಮೇಲಾಗಿತ್ತು.

ಮಾರ್ಚಿನಲ್ಲಿ ಲೆಕ್ಕ ಮುಗಿದಾಗ ಆಡಿಟರು ಹೇಳಿದ ಹಾಗೇ ಆಯಿತು. ಕಳೆಯಲು ಸಿಕ್ಕಿದ್ದು ಅರ್ಧ. ಮಿಕ್ಕ ಲಾಭಕ್ಕೆ ತೆರಿಗೆ ಕಟ್ಟಿದೆವು. ಕಂತಿಗೆ ಎಂದು ನಾನು ಮನಸ್ಸಿನಲ್ಲೇ ಎತ್ತಿಟ್ಟಿದ್ದ ಹಣ ಸರ್ಕಾರಕ್ಕೆ ಹೋಯಿತು. "ಉಳಿದದ್ದು ಎಲ್ಲೂ ಹೋಗೋದಿಲ್ಲ, ಮುಂದಿನ ವರ್ಷ ಕಳೆದುಕೊಳ್ಳಬಹುದು," ಎಂದು ಆಡಿಟರು ಸಮಾಧಾನ ಹೇಳಿದರು. ನಾನೂ ಸಮಾಧಾನ ಮಾಡಿಕೊಂಡೆ. ಯಂತ್ರ ಚೆನ್ನಾಗಿಯೇ ಓಡುತ್ತಿತ್ತು, ಕರೆಂಟು ಬಿಲ್ಲು ಇಳಿದಿತ್ತು, ಗಂಡ ಊಟದ ಹೊತ್ತಿಗೆ ಮನೆಗೆ ಬರುತ್ತಿದ್ದರು.

ಆಮೇಲೆ, ನಮ್ಮ ಊರಿನ ಬನಿಯನ್ನುಗಳನ್ನು ಕೊಳ್ಳುವ ಅಮೆರಿಕದವರು ಸುಂಕ ಏರಿಸುತ್ತಾರೆ ಎಂಬ ಮಾತು ಬಂತು. ಮಾತಿಗೇ ಆರ್ಡರುಗಳು ನಿಂತವು. ಸುಂಕ ನಿಜವಾಗಿ ಏರಿದಾಗ ನಮ್ಮ ಗಿರಾಕಿ ಕಂಪನಿಗಳು ಹೊಲಿದ ಮಾಲನ್ನೇ ಕಳಿಸಲಾಗದೆ ಗೋದಾಮಿನಲ್ಲಿ ಪೇರಿಸಿಟ್ಟವು. ಹೊಸ ಬಟ್ಟೆಗೆ ಬಣ್ಣ ಹಾಕಿಸುವವರು ಯಾರು? ದಿನವೆಲ್ಲ ಲಾರಿ ನಿಲ್ಲುತ್ತಿದ್ದ ನಮ್ಮ ಗೇಟಿನ ಮುಂದೆ ಆಡುಗಳು ಮಲಗತೊಡಗಿದವು.

ಆಗ ಈ ಯಂತ್ರದ ಇನ್ನೊಂದು ಗುಣ ತಿಳಿಯಿತು. ತಿಳಿಯಿತು ಎಂದರೆ ತಪ್ಪು, ಮೊದಲೇ ಗೊತ್ತಿತ್ತು, ಅದರ ಕಹಿ ಗೊತ್ತಿರಲಿಲ್ಲ. ಚಕ್ರ ತಿರುಗಿಸಿದ ಆವಿಗೆ ಹೋಗಲು ಜಾಗ ಬೇಕು, ಅಂದರೆ ಬಟ್ಟೆ ಕುದಿಯುತ್ತಿರಬೇಕು. ಬಟ್ಟೆ ಇಲ್ಲದಿದ್ದರೆ ಆವಿ ಬೇಡ, ಆವಿ ಬೇಡದಿದ್ದರೆ ಕರೆಂಟೂ ಇಲ್ಲ. ಬರೀ ಗೆಣಸು ಸುಡಲು ಯಾರೂ ಹಂಡೆಯ ಒಲೆ ಹಚ್ಚುವುದಿಲ್ಲ. ಲೈನಿನ ಕರೆಂಟಿನಲ್ಲಿ ಫ್ಯಾನು ಹಾಕಿಕೊಂಡು, ಸಾಲ ಮಾಡಿ ತಂದ ಚಕ್ರದ ಎದುರು ಗಂಡ ಸುಮ್ಮನೆ ಕೂತಿರುತ್ತಿದ್ದರು.

ಕಂತು ತಪ್ಪಿತು. ಮತ್ತೆ ತಪ್ಪಿತು. ಬ್ಯಾಂಕಿನವರು ಗೇಟಿಗೆ ನೋಟಿಸು ಅಂಟಿಸಿ ಹೋದರು. ಆಯುಧಪೂಜೆ ಕಳೆಯುವುದರೊಳಗೆ ಕಟ್ಟದಿದ್ದರೆ ಬೀಗ ಹಾಕುತ್ತೇವೆ ಎಂದರು. ಕೆಲಸದ ಹುಡುಗರು ಒಬ್ಬೊಬ್ಬರಾಗಿ ರೈಲು ಹತ್ತಿದರು. ಉಳಿದದ್ದು ಬಾಯ್ಲರಿಗೆ ಸೌದೆ ಹಾಕುವ ಅಣ್ಣ ಒಬ್ಬರೇ. ಅವರು ಪಲ್ಲಡಂನಿಂದ ಬಸ್ಸಿನಲ್ಲಿ ಬಂದು, ಆರಿದ ಬಾಯ್ಲರನ್ನು ಒರೆಸಿ, ಬಸ್ಸಿನಲ್ಲಿ ಹೋಗುತ್ತಿದ್ದರು.

ಆಡಿಟರನ್ನು ಮನೆಗೆ ಕರೆಸಿದೆ. ಕಳೆದ ವರ್ಷದ ಉಳಿದ ಅರ್ಧ ಇದೆಯಲ್ಲ, ಅದರಲ್ಲಿ ಏನಾದರೂ ಬರುತ್ತದೆಯೇ ಎಂದು ಕೇಳಿದೆ. ಅವರು ನಾನು ಕೊಟ್ಟ ಕಾಫಿಯನ್ನು ಮುಟ್ಟಲಿಲ್ಲ. "ಲಾಭಂ ಇರುಂದಾ ದಾನೇಮ್ಮಾ ಕಳಿಕ್ಕ ಮುಡಿಯುಂ," ಎಂದರು. ಲಾಭವಿದ್ದರೆ ತಾನೇ ಅದರಲ್ಲಿ ಕಳೆಯುವುದು. ಸರ್ಕಾರ ಕೊಡುವುದು ಹಣವಲ್ಲ, ಗಳಿಸಿದವನಿಗೆ ರಿಯಾಯಿತಿ. ಗಳಿಕೆಯೇ ಇಲ್ಲದವನಿಗೆ ಯಾವ ರಿಯಾಯಿತಿ? ಹಲ್ಲಿದ್ದಾಗ ಕಡಲೆ ಇರಲಿಲ್ಲ, ಈಗ ಕಡಲೆ ಇದೆ, ಹಲ್ಲು ಉದುರಿದೆ. ಹೋಗುವಾಗ ಅವರು ಬಾಗಿಲಲ್ಲಿ ನಿಂತು, ಹೋದ ವರ್ಷ ಹತ್ತು ದಿನ ಮುಂಚೆ ಹಚ್ಚಿದ್ದರೆ ಈ ಕೆಲವು ತಿಂಗಳು ದಾಟುವಷ್ಟು ಕೈಯಲ್ಲಿ ಇರುತ್ತಿತ್ತು ಎಂದು ಬೇಸರದಿಂದ ಹೇಳಿದರು.

ಪೂರ್ತಿ ಸಿಕ್ಕಿದ್ದರೂ ನಾವು ಉಳಿಯುತ್ತಿದ್ದೆವೋ ಇಲ್ಲವೋ ನನಗೆ ಗೊತ್ತಿಲ್ಲ. ಕೆಲವು ತಿಂಗಳು ಉಸಿರಾಡುತ್ತಿದ್ದೆವು, ಅಷ್ಟೇ. ಆದರೆ ಆಡಿಟರು ಆ ಮಾತು ಆಡಿದಾಗ ಅತ್ತೆ ಅಡಿಗೆಮನೆಯ ಬಾಗಿಲಲ್ಲೇ ನಿಂತಿದ್ದರು. ತಮಿಳು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಒಳಗೆ ಹೋದರು. ಸೌತೆಕಾಯಿ ಹೆಚ್ಚುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಈಗ ಹೇಳಿಬಿಡಲೇ ಎಂದುಕೊಂಡೆ. ನಾಲಿಗೆಯ ತುದಿಯಲ್ಲಿದ್ದದ್ದು ಇಷ್ಟೇ: ನೀವು ಸತ್ತವರನ್ನು ಕಾಪಾಡಲು ಹೋಗಿ ಬದುಕಿದ್ದವರನ್ನು ಕೊಂದಿರಿ ಅತ್ತೆ. ಗಂಡ ಒಳಗೆ ಬಂದದ್ದರಿಂದ ಸುಮ್ಮನಾದೆ.

ಗಂಡನ ಮೌನಕ್ಕೆ ನಾನು ಹೆದರಿದ್ದೆ. ಅವರು ಕೂಗಾಡುವ ಜಾತಿಯಲ್ಲ, ಆದರೆ ಹೀಗೆ ಬತ್ತಿದ್ದನ್ನು ನೋಡಿರಲಿಲ್ಲ. ಕೇಳಿದ್ದಕ್ಕೆ ಹೂಂ, ಬಡಿಸಿದ್ದಕ್ಕೆ ಸಾಕು. ಒಂದು ಬೆಳಿಗ್ಗೆ ಡೈಯಿಂಗಿಗೆ ಹೋದಾಗ ಅವರು ಬಣ್ಣ, ಸೋಡಾ, ಆಸಿಡ್ಡುಗಳನ್ನು ಇಡುವ ಕೆಮಿಕಲ್ ರೂಮಿನಲ್ಲಿ ದೀಪ ಹಾಕದೆ ನಿಂತಿದ್ದರು. "ಏನು ಬೇಕಿತ್ರೀ?" ಎಂದೆ. "ಏನಿಲ್ಲ," ಎಂದು ಹೊರಗೆ ಬಂದರು. ಈ ಊರಲ್ಲಿ ನಷ್ಟವಾದವರ ಸುದ್ದಿ ಎಷ್ಟೋ ಕೇಳಿದ್ದೇನೆ. ಅವರು ಆ ಕಡೆ ತಿರುಗಿದ ಕೂಡಲೇ ರೂಮಿಗೆ ಬೀಗ ಹಾಕಿ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಯಾಕೆ ಎಂದು ಅವರು ಕೇಳಲಿಲ್ಲ. ಕೇಳಲಿಲ್ಲ ಎಂಬುದೇ ನನ್ನ ಭಯವನ್ನು ಹೆಚ್ಚು ಮಾಡಿತು. ಅಂದಿನಿಂದ ದಿನಾ ಅವರ ಹಿಂದೆಯೇ ಡೈಯಿಂಗಿಗೆ ಹೋಗಿ ಕೂರುತ್ತಿದ್ದೆ. ಡೈಯಿಂಗು ಹೋಗಲಿ, ಇವರು ಉಳಿಯಲಿ. ಊರಿನ ದೇವರಿಗೆಲ್ಲ ಇಷ್ಟನ್ನೇ ಕೇಳಿಕೊಂಡೆ.

ಮತ್ತೆ ಮಹಾಲಯ ಅಮಾವಾಸ್ಯೆ ಬಂತು. ಪೇರೂರಿಗೆ ಹೊರಡಲು ಎಳ್ಳು, ದರ್ಭೆ, ಅಕ್ಕಿ ಎಲ್ಲ ಕಟ್ಟಿಟ್ಟಿದ್ದೆ. ಅತ್ತೆ ಸ್ನಾನ ಮಾಡಿ, ಕಂಕುಳಲ್ಲಿ ಒಂದು ಗಂಟು ಇಟ್ಟುಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕೂತರು.

"ಪೇರೂರಿಗೆ ಆಮೇಲೆ ಓಗೋಣ," ಎಂದರು. "ಮೊದ್ಲು ಡೈಯಿಂಗಿಗೆ ನಡಿ ಸಾಮಿ."

"ಇವತ್ತು ಅಮಾಸೆ ಅವ್ವ. ರಜ," ಎಂದರು ಗಂಡ.

"ನಂಗೆ ಗೊತ್ತಿಲ್ವಾ? ನಡಿ."

ಬಾಯ್ಲರಿನ ಅಣ್ಣ ಅಂದೂ ಬಂದಿದ್ದರು. ಮನೆಯಲ್ಲಿ ಕೂತರೆ ತಲೆ ಕೆಡುತ್ತದೆ ಎಂದರು. ಅತ್ತೆ ನೇರ ಬಾಯ್ಲರಿನ ಮುಂದೆ ಹೋಗಿ ಗಂಟನ್ನು ಬಿಚ್ಚಿದರು. ಒಳಗೆ ಮಾವನ ಬಿಳಿ ಪಂಚೆಗಳು. ಪೆಟ್ಟಿಗೆಯಲ್ಲಿ ಕರ್ಪೂರ ಹಾಕಿ ಯಾರಿಗೂ ಮುಟ್ಟಲು ಬಿಡದೆ ಇಟ್ಟಿದ್ದವು. ಅವುಗಳ ಮೇಲೆ ಅಂದು ಪುರೋಹಿತರಿಗೆ ದಾನ ಕೊಡಲು ತಂದಿದ್ದ ಹೊಸ ಪಂಚೆ ಜೋಡಿ.

"ಬಟ್ಟೆ ಇಲ್ದೆ ಚಕ್ರ ತಿರುಗೋದಿಲ್ಲ ಅಂತ ಏಳಿದ್ಯಲ್ಲ," ಎಂದರು ಮಗನಿಗೆ. "ಇವನ್ನ ಆಕು. ಬೆಂಕಿ ಅಂಟಿಸು. ಅಮಾಸೆ ಆದ್ರೂ ಪರವಾ ಇಲ್ಲ. ನಿಮ್ಮಪ್ಪಂಗೆ ನಾನು ಏಳ್ಕೋತೀನಿ."

ಆ ಮಿಷನ್ನಿಗೆ ಒಂದು ಸಲಕ್ಕೆ ಲಾರಿಯಿಂದ ಇಳಿಸಿದ ಬಟ್ಟೆಯ ಉರುಳೆಗಳು ಬೇಕು. ಅಣ್ಣ ಸೌದೆಯ ರಾಶಿಯನ್ನೂ ನನ್ನ ಮುಖವನ್ನೂ ನೋಡಿದರು.

"ಅವ್ವ, ಇದು ಸಾಲ್ದು," ಎಂದರು ಗಂಡ.

"ಇದೂ ಬಟ್ಟೆ ತಾನೆ ಸಾಮಿ?"

ಒಂದು ವರ್ಷದಿಂದ ಹರಿತ ಮಾಡಿಟ್ಟ ನನ್ನ ಮಾತು ಅಲ್ಲೇ ಇತ್ತು. ಬಾಯಿ ತೆಗೆದರೆ ಸಾಕಿತ್ತು. ಆದರೆ ಆ ಹೆಂಗಸು ಜೀವಮಾನದಲ್ಲಿ ಒಂದು ಅಮಾವಾಸ್ಯೆಯ ನೇಮವನ್ನೂ ಮುರಿಯದವಳು, ಗಂಡನ ಕೊನೆಯ ಬಟ್ಟೆಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಬೇಡುವವಳ ಹಾಗೆ ಮಗನ ಮುಂದೆ ನಿಂತಿದ್ದಳು. ನಾನು ಸರಿ ಎಂಬುದು ಆ ಕ್ಷಣಕ್ಕೆ ಯಾರಿಗೂ ಬೇಡವಾಗಿತ್ತು, ನನಗೂ ಬೇಡವಾಗಿತ್ತು.

ಗಂಡ ಪಂಚೆಗಳನ್ನು ತೆಗೆದುಕೊಂಡರು. ಮೂಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೈ ಚಾಚಿದರು.

"ಕೀ ಕೊಡು."

ನಾನು ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. "ಯಾಕ್ರೀ?"

"ಬಣ್ಣ ಬೇಕಲ್ಲ. ಸ್ಯಾಂಪಲ್ ಪಾತ್ರೇಲಿ ಗ್ಯಾಸಿನ ಮೇಲೆ ಆಕಿ ಕೊಡ್ತೀನಿ." ಅವರ ಕೈ ಚಾಚಿಯೇ ಇತ್ತು. "ನೀ ಯಾಕೆ ಕಟ್ಕೊಂಡಿದ್ದಿ ಅಂತ ನಂಗೆ ಗೊತ್ತು. ಭಯ ಇದ್ರೆ ನೀನೂ ಬಾ."

ಗಂಟು ಬಿಗಿಯಾಗಿತ್ತು, ಹಲ್ಲಿನಲ್ಲಿ ಕಚ್ಚಿ ಬಿಚ್ಚಬೇಕಾಯಿತು. ಕೀಲಿ ಅವರ ಕೈಗೆ ಕೊಟ್ಟು ಅವರ ಹಿಂದೆಯೇ ಒಳಗೆ ಹೋದೆ. ಅವರು ನೀಲಿ ಬಣ್ಣದ ಡಬ್ಬ ತೆಗೆದು ಸಣ್ಣ ತಕ್ಕಡಿಯಲ್ಲಿ ತೂಗಿದರು, ಉಪ್ಪು ತೂಗಿದರು, ಸೋಡಾ ತೂಗಿದರು. ಅವರ ಕೈ ಯಾವ ಡಬ್ಬಕ್ಕೆ ಹೋಗುತ್ತದೆ ಎಂದು ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಕೆಲಸ ಮುಗಿದ ಮೇಲೆ ಅವರು ತಾವೇ ಬೀಗ ಹಾಕಿ ಕೀಲಿಯನ್ನು ನನ್ನ ಅಂಗೈಯಲ್ಲಿ ಇಟ್ಟರು.

"ನಿನ್ ಹತ್ರಾನೇ ಇರ್ಲಿ," ಎಂದರು. "ಇನ್ನೂ ಸ್ವಲ್ಪ ದಿನ."

ನಾನು ಅದನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡೆ.

ಸ್ಟೀಲು ಪಾತ್ರೆಯಲ್ಲಿ ಪಂಚೆಗಳು ನಿಧಾನಕ್ಕೆ ನೀಲಿಯಾದವು. ಗಂಡ ಕೋಲಿನಿಂದ ತಿರುವುತ್ತಿದ್ದರು, ಅವರ ತಾತ ಮಡಕೆಯಲ್ಲಿ ತಿರುವುತ್ತಿದ್ದ ಹಾಗೆಯೇ ಇರಬೇಕು. ಅತ್ತೆ ಆ ಕಡೆ ಬರಲೇ ಇಲ್ಲ. ಅಣ್ಣ ತಂದು ಹಾಕಿದ ಕುರ್ಚಿಯ ಮೇಲೆ, ಹಚ್ಚದ ಬಾಯ್ಲರಿನ ಪಕ್ಕ, ಹೊಸ ಚಕ್ರದ ಮುಂದೆ ಕೂತು ಕಾಯುತ್ತಿದ್ದರು. ನಾನು ಹತ್ತಿರ ಹೋದಾಗ ಕೇಳಿದರು:

"ಬಟ್ಟೆಗೆ ಬಣ್ಣ ಅತ್ತಿತಾ ಕಣ್ಣು?"

"ಹತ್ತುತ್ತಾ ಇದೆ ಅತ್ತೆ."

"ಇದು ಇನ್ನೂ ತಿರುಗ್ಲಿಲ್ವಲ್ಲ?"

ಅವರ ಪಕ್ಕದಲ್ಲಿ ನೆಲದ ಮೇಲೆ ಕೂತುಕೊಂಡೆ. "ತಿರುಗುತ್ತೆ ಅತ್ತೆ," ಎಂದೆ. "ನೀರು ಇನ್ನೂ ಕಾಯಬೇಕು."